ಹಾಯಿದೋಣಿಯ ಶೌಚಾಲಯ: ಕೊಳವೆ, ಕವಾಟ, ಕಡಲು



ಸಮುದ್ರಯಾನದ ಕಥೆಗಳಲ್ಲಿ ಬಿರುಗಾಳಿ ಬರುತ್ತದೆ, ತಿಮಿಂಗಿಲ ಬರುತ್ತದೆ, ನಕ್ಷತ್ರ ನೋಡಿ ದಾರಿ ಕಂಡುಕೊಳ್ಳುವ ನಾವಿಕ ಬರುತ್ತಾನೆ. ಆ ನಾವಿಕ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುತ್ತಾನೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಇಂದಿನ ನನ್ನ ಮಾತು ಅದರ ಬಗ್ಗೆ. ಊಟದ ಹೊತ್ತಿನಲ್ಲಿ ಈ ಪುಟ ತೆರೆದವರು ದಯವಿಟ್ಟು ಊಟ ಮುಗಿಸಿ ಬನ್ನಿ.

2017ರ ಸೆಪ್ಟೆಂಬರ್ 10ರಂದು ನಮ್ಮ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ ಗೋವಾದಿಂದ ಹೊರಟು, ಭೂಮಿಯನ್ನೇ ಒಂದು ಸುತ್ತು ಹಾಕಿ, 2018ರ ಮೇ 21ರಂದು ಮರಳಿ ಬಂದರು. ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟುವ ಮಹದಾಯಿ ಗೋವಾಕ್ಕೆ ಇಳಿದು ಮಾಂಡೋವಿ ಆಗುತ್ತದಲ್ಲ, ಆ ನದಿಯ ದಿವಾರ್ ದ್ವೀಪದಲ್ಲಿ ಕಟ್ಟಿದ ದೋಣಿ ಅದು. ಉದ್ದ ಸುಮಾರು 17 ಮೀಟರ್. ನಡುವೆ ಕೆಲವೇ ಬಂದರುಗಳಲ್ಲಿ ತಂಗಿದ್ದನ್ನು ಬಿಟ್ಟರೆ, ವಾರಗಟ್ಟಲೆ ಆರು ಜನರ ಸಮಸ್ತ ಜೀವನವೂ ಒಂದು ಬಸ್ಸಿಗಿಂತ ಸ್ವಲ್ಪವೇ ಉದ್ದವಾದ ಆ ಜಾಗದಲ್ಲಿ ನಡೆಯಿತು. ಇಂಥ ಕಡೆ ಶೌಚಾಲಯ ಕೆಟ್ಟರೆ ಪ್ಲಂಬರ್ ಬರುವುದಿಲ್ಲ. ಪಕ್ಕದ ಮನೆಗೆ ಹೋಗುವಂತೆಯೂ ಇಲ್ಲ.

ವಿಷಯ ಬರೀ ಅನನುಕೂಲದ್ದಾಗಿದ್ದರೆ ಇಷ್ಟು ಹೊತ್ತು ನಿಮ್ಮನ್ನು ಕೂರಿಸಬೇಕಾಗಿರಲಿಲ್ಲ. ದೋಣಿಯ ಶೌಚಾಲಯಕ್ಕೂ ನಮ್ಮ ಮನೆಯದಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಮನೆಯಲ್ಲಿ ನೀರು ಮೇಲಿನ ಟ್ಯಾಂಕಿನಿಂದ ಇಳಿದು ಬಂದು, ಇನ್ನೂ ಕೆಳಗಿರುವ ಒಳಚರಂಡಿಗೆ ಹೋಗುತ್ತದೆ. ಗುರುತ್ವಾಕರ್ಷಣೆಯೇ ನಮ್ಮ ಆಳು. ದೋಣಿಯಲ್ಲಿ ಶೌಚದ ಬಟ್ಟಲು ಸಾಮಾನ್ಯವಾಗಿ ಹೊರಗಿನ ಸಮುದ್ರದ ಮಟ್ಟಕ್ಕಿಂತ ಕೆಳಗೆ, ಇಲ್ಲವೇ ಅದರ ಆಸುಪಾಸಿನಲ್ಲಿ ಇರುತ್ತದೆ. ಅಂದರೆ ಒಳಗಿನದನ್ನು ಮೇಲಕ್ಕೆ ತಳ್ಳಬೇಕು. ಅದಕ್ಕಾಗಿ ದೋಣಿಯ ಒಡಲಿನಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ, ಎರಡು ತೂತು ಕೊರೆದಿರುತ್ತಾರೆ: ಸಮುದ್ರದ ನೀರು ಒಳಬರಲು ಒಂದು, ಮಲಿನ ಹೊರಹೋಗಲು ಇನ್ನೊಂದು. ದೋಣಿಯ ತಳದಲ್ಲಿ ತೂತು ಎಂದರೆ ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಶೌಚಾಲಯದ ಕೊಳವೆಯ ದೆಸೆಯಿಂದ ಮುಳುಗಿದ ದೋಣಿಗಳು ಉಂಟು. ಬಿರುಗಾಳಿಯಲ್ಲಲ್ಲ, ಬಂದರಿನಲ್ಲಿ ಕಟ್ಟಿ ನಿಲ್ಲಿಸಿ ಒಡೆಯ ಮನೆಗೆ ಹೋಗಿದ್ದಾಗ.

ಹಿಂದಿನ ಕಾಲದ ಹಾಯಿ ಹಡಗುಗಳಲ್ಲಿ ಈ ತಾಪತ್ರಯ ಇರಲಿಲ್ಲ. ಹಡಗಿನ ಮೂತಿಯ ಬಳಿ, ಹೊರಕ್ಕೆ ಚಾಚಿದ ಜಾಲರಿಯ ಮೇಲೆ, ತೂತಿರುವ ಹಲಗೆ ಹಾಕಿರುತ್ತಿದ್ದರು. ಗಾಳಿ ಹೆಚ್ಚಾಗಿ ಹಿಂದಿನಿಂದ ಬೀಸುವುದರಿಂದ ವಾಸನೆ ಮುಂದಕ್ಕೆ ಹೋಗುತ್ತಿತ್ತು. ಅಲೆಗಳು ಬಂದು ತೊಳೆಯುತ್ತಿದ್ದವು. ಹಡಗಿನ ತಲೆಯ ಕಡೆ ಇದ್ದುದರಿಂದ ಇಂಗ್ಲಿಷ್ ನಾವಿಕರು ಶೌಚಾಲಯವನ್ನು ‘ಹೆಡ್’ ಎಂದೇ ಕರೆದರು. ಇಂದಿಗೂ, ಅದು ದೋಣಿಯ ಯಾವ ಮೂಲೆಯಲ್ಲಿದ್ದರೂ ಅದೇ ಹೆಸರು. 1765ರಲ್ಲಿ ನೀರಿಗಿಳಿದ ‘ವಿಕ್ಟರಿ’ ಎಂಬ ಯುದ್ಧನೌಕೆ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿದೆ; ಅದರ ಮೂತಿಯಲ್ಲಿ ಇಂಥ ಆಸನಗಳನ್ನು ಈಗಲೂ ನೋಡಬಹುದು.

ನಮ್ಮ ಮನೆಯ ಕಮೋಡಿನ ಹಿಂದೆ ಒಂದು ಬಾಗಿದ ಕೊಳವೆ ಇರುತ್ತದೆ. ಅದರ ಬಾಗಿನಲ್ಲಿ ನಿಂತ ನೀರು ಕೆಳಗಿನ ದುರ್ವಾಸನೆಯನ್ನು ತಡೆಯುತ್ತದೆ. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬಾತ ಪೇಟೆಂಟ್ ಪಡೆದ ಉಪಾಯವಿದು. ಎಷ್ಟು ಸರಳ! ಆದರೆ ಅಲೆಯ ಮೇಲೆ ಉರುಳಾಡುವ ದೋಣಿಯಲ್ಲಿ ಆ ನೀರು ನಿಂತಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ದೋಣಿಯಲ್ಲಿ ನೀರಿನ ಕೆಲಸವನ್ನು ರಬ್ಬರಿನ ಕವಾಟಗಳು ಮಾಡಬೇಕು. ರಬ್ಬರು ಸವೆಯುತ್ತದೆ. ಅಲ್ಲಿಂದಲೇ ನಮ್ಮ ಕಥೆ ಶುರು.

ಸಾಮಾನ್ಯ ಕೈಪಂಪಿನ ಶೌಚಾಲಯವನ್ನು ನೋಡೋಣ. ಬಟ್ಟಲಿನ ಪಕ್ಕದಲ್ಲಿ ಸೈಕಲ್ ಪಂಪಿನ ಅಣ್ಣನಂತೆ ಒಂದು ಸಿಲಿಂಡರು. ಒಳಗೆ ಒಂದೇ ಪಿಸ್ಟನ್, ಆದರೆ ಎರಡು ಕೆಲಸ. ಪಿಸ್ಟನ್ನಿನ ಮೇಲ್ಭಾಗ ಸಮುದ್ರದ ನೀರನ್ನು ಎಳೆದು ಬಟ್ಟಲಿಗೆ ಹಾಕುತ್ತದೆ. ಕೆಳಭಾಗ ಬಟ್ಟಲಿನದನ್ನು ಹೀರಿ ಹೊರಕ್ಕೆ ದೂಡುತ್ತದೆ. ಪಕ್ಕದ ಚಿಕ್ಕ ಹಿಡಿಯನ್ನು ಒಂದು ಕಡೆ ತಿರುಗಿಸಿದರೆ ನೀರು ಬರುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ನೀರು ನಿಂತು ಬಟ್ಟಲು ಬರಿದಾಗುತ್ತದೆ. ಪಂಪಿನಿಂದ ಹೊರಹೋಗುವ ಬಾಯಿಯಲ್ಲಿ ಬಾತುಕೋಳಿಯ ಕೊಕ್ಕಿನ ಹಾಗೆ ತುಟಿ ಸೀಳಿದ ಒಂದು ರಬ್ಬರು ಇರುತ್ತದೆ. ಒಳಗಿನಿಂದ ತಳ್ಳಿದರೆ ತುಟಿ ತೆರೆಯುತ್ತದೆ, ಹೊರಗಿನಿಂದ ಒತ್ತಿದರೆ ಮುಚ್ಚಿಕೊಳ್ಳುತ್ತದೆ. ಇದಕ್ಕೆ ‘ಜೋಕರ್ ವಾಲ್ವ್’ ಎಂದು ಹೆಸರು. ಬೆಲೆ ಅತ್ಯಲ್ಪ, ಹೊಣೆ ಅತಿ ದೊಡ್ಡದು.

ಈ ಯಂತ್ರದ ಕಾಯಿಲೆಗಳನ್ನು ಲಕ್ಷಣ ನೋಡಿಯೇ ಹೇಳಬಹುದು. ರಾತ್ರಿ ಖಾಲಿ ಇದ್ದ ಬಟ್ಟಲಿನಲ್ಲಿ ಬೆಳಿಗ್ಗೆ ಕಂದು ಬಣ್ಣದ ನೀರು ನಿಂತಿದೆಯೆ? ಜೋಕರ್ ವಾಲ್ವಿನ ತುಟಿ ಸಡಿಲವಾಗಿದೆ, ಇಲ್ಲವೇ ಅದರ ಮೇಲೆ ಸುಣ್ಣ ಕಟ್ಟಿ ಮುಚ್ಚಿಕೊಳ್ಳುತ್ತಿಲ್ಲ. ಕೊಳವೆಯಲ್ಲಿ ಉಳಿದದ್ದು ಹಿಂದಕ್ಕೆ ಬಂದಿದೆ. ನಿಂತಿರುವುದು ತಿಳಿಯಾದ ಸಮುದ್ರದ ನೀರೆ? ಹಾಗಾದರೆ ಒಳಬರುವ ಕಡೆಯ ಕವಾಟ ಸೋರುತ್ತಿದೆ; ಇದು ಹೆಚ್ಚು ಅಪಾಯದ್ದು. ಪಂಪಿನ ಕಡ್ಡಿಯ ಸುತ್ತ ನೀರು ಚಿಮ್ಮಿದರೆ ಅಲ್ಲಿಯ ಸೀಲು ಸವೆದಿದೆ. ಪಂಪು ಒಣಗಿದಂತೆ ಕಿರುಗುಟ್ಟಿ ಬಿಗಿಯಾದರೆ ಸಿಲಿಂಡರಿಗೆ ಜಿಡ್ಡು ಬೇಕು. ಕೆಲವರು ಅಡುಗೆ ಎಣ್ಣೆ ಸುರಿಯುತ್ತಾರೆ. ಅದರ ಗುಣ ಎರಡು ದಿನ. ಪಂಪನ್ನು ಬಿಚ್ಚಿ ಸಿಲಿಕೋನ್ ಗ್ರೀಸ್ ಸವರಿದರೆ ತಿಂಗಳುಗಟ್ಟಲೆ ಚಿಂತೆಯಿಲ್ಲ. ಪೆಟ್ರೋಲಿಯಂ ಜೆಲ್ಲಿ ಕೆಲವು ಜಾತಿಯ ರಬ್ಬರನ್ನು ಉಬ್ಬಿಸುತ್ತದೆ, ಅದು ಬೇಡ. ಇವು ಯಾವುವೂ ಅಲ್ಲದೆ, ಹಿಡಿಯನ್ನು ಒತ್ತುವಾಗ ದಿನದಿಂದ ದಿನಕ್ಕೆ ಹೆಚ್ಚು ಬಲ ಬೇಕಾಗುತ್ತಿದ್ದರೆ ಎಚ್ಚರ: ರೋಗ ಪಂಪಿನಲ್ಲಿಲ್ಲ, ಕೊಳವೆಯಲ್ಲಿದೆ.

ಈ ಕೊಳವೆಯ ರೋಗವನ್ನು ನನಗೆ ತೋರಿಸಿದವರು ಕುಂದಾಪುರದ ಕಡೆಯ ಒಬ್ಬ ನಿವೃತ್ತ ಹಡಗು ಎಂಜಿನಿಯರು. ಕರಾವಳಿಯ ಬಗ್ಗೆ ಒಂದು ಕಾರ್ಯಕ್ರಮದ ಚಿತ್ರೀಕರಣಕ್ಕೆಂದು ಅವರ 11 ಮೀಟರಿನ ಹಾಯಿದೋಣಿಗೆ ಹೋಗಿದ್ದೆವು. ನಮಗೆ ಬೇಕಾಗಿದ್ದದ್ದು ಸೂರ್ಯಾಸ್ತದ ಹಿನ್ನೆಲೆಯಲ್ಲಿ ಉಬ್ಬಿದ ಹಾಯಿ. ಅವರು ಅಂದು ಕೊಳವೆ ಬದಲಾಯಿಸುತ್ತಿದ್ದರು. “ಕ್ಯಾಮೆರಾ ಇಲ್ಲಿ ತನ್ನಿ ಮಾರಾಯ್ರೆ, ಹಾಯಿ ಎಲ್ಲರೂ ತೋರಿಸ್ತಾರೆ, ಇದನ್ನು ಯಾರು ತೋರಿಸುದು?” ಎಂದು, ಆಗತಾನೆ ಬಿಚ್ಚಿದ ಕೊಳವೆಯ ತುಂಡೊಂದನ್ನು ಮುಂದೆ ಹಿಡಿದರು. ನಮ್ಮ ಕ್ಯಾಮೆರಾಮನ್ ಎರಡು ಹೆಜ್ಜೆ ಹಿಂದೆ ಸರಿದ. ನಾನು ಇಣುಕಿ ನೋಡಿದೆ. ಒಳಗೆಲ್ಲ ಬೂದುಬಣ್ಣದ ಕಲ್ಲು! 38 ಮಿ.ಮೀ. ಇರಬೇಕಾದ ಬಾಯಿ ಹೆಬ್ಬೆರಳು ತೂರುವಷ್ಟಾಗಿತ್ತು. ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುವ ಸುಣ್ಣದ ಪದರವನ್ನು ನೀವು ನೋಡಿರುತ್ತೀರಿ. ಇದು ಅದರ ಹತ್ತಿರದ ಸಂಬಂಧಿ.

ಇದು ಹೇಗೆ ಕಟ್ಟುತ್ತದೆ? ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 400 ಮಿಲಿಗ್ರಾಂ ಕ್ಯಾಲ್ಸಿಯಂ, ಸುಮಾರು 1,300 ಮಿಲಿಗ್ರಾಂ ಮೆಗ್ನೀಸಿಯಂ ಕರಗಿರುತ್ತದೆ. ಮೂತ್ರದಲ್ಲಿ ಯೂರಿಯಾ ಇದೆ, ಫಾಸ್ಫೇಟ್ ಇದೆ. ಕೊಳವೆಯಲ್ಲಿ ಮನೆ ಮಾಡಿದ ಬ್ಯಾಕ್ಟೀರಿಯಗಳು ಯೂರಿಯಾವನ್ನು ಒಡೆದು ಅಮೋನಿಯ ಮಾಡುತ್ತವೆ. ಅಮೋನಿಯ ಕ್ಷಾರ. ದ್ರವ ಕ್ಷಾರೀಯವಾದ ಕೂಡಲೇ, ಅದುವರೆಗೆ ಕರಗಿ ಕೂತಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಕಾರ್ಬೊನೇಟ್ ಮತ್ತು ಫಾಸ್ಫೇಟ್ ಆಗಿ ಗೋಡೆಗೆ ಅಂಟುತ್ತವೆ. ಹೀಗೆ ದಿನಕ್ಕೊಂದು ತೆಳು ಪದರ. ಕೊಳವೆಯ ವ್ಯಾಸ 38ರಿಂದ 25 ಮಿ.ಮೀ.ಗೆ ಇಳಿದರೆ ಬಾಯಿಯ ವಿಸ್ತೀರ್ಣ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಆದರೆ ಅದೇ ವೇಗದಲ್ಲಿ ಪಂಪು ಒತ್ತಿದರೆ ಎದುರಾಗುವ ತಡೆ ಎರಡರಷ್ಟಲ್ಲ, ಹೆಚ್ಚುಕಡಿಮೆ ಎಂಟರಷ್ಟಾಗುತ್ತದೆ. ರಭಸದ ಹರಿವಿನಲ್ಲಿ ತಡೆಯು ವ್ಯಾಸದ ಐದನೆಯ ಘಾತಕ್ಕೆ ವಿಲೋಮವಾಗಿ ಏರುತ್ತದೆ. ಆದ್ದರಿಂದಲೇ ವರ್ಷಗಟ್ಟಲೆ ಏನೂ ತಿಳಿಯದೆ, ಒಂದು ದಿನ ಇದ್ದಕ್ಕಿದ್ದಂತೆ ಪಂಪು ಒತ್ತಲು ಬಾರದು. ಆಗ ಯಾರಾದರೂ ಕಾಲಿಟ್ಟು ಮೈಭಾರ ಹಾಕಿ ಒತ್ತುತ್ತಾರೆ. ಮುಂದಿನದನ್ನು ಊಹಿಸಿಕೊಳ್ಳಿ. ಗೋಡೆ, ಚಾವಣಿ, ಒತ್ತಿದವರ ಅಂಗಿ, ಯಾವುದೂ ಉಳಿಯುವುದಿಲ್ಲ.

ಸುಣ್ಣಕ್ಕೆ ಮದ್ದು ಆಮ್ಲ. ವಾರಕ್ಕೊಮ್ಮೆ ಅರ್ಧ ಲೀಟರ್ ಬಿಳಿ ವಿನಿಗರ್ ಬಟ್ಟಲಿಗೆ ಹಾಕಿ, ಅದು ಕೊಳವೆಯ ಪೂರ್ತಿ ಹರಡುವಂತೆ ನಿಧಾನವಾಗಿ ನಾಲ್ಕಾರು ಬಾರಿ ಒತ್ತಿ, ರಾತ್ರಿ ಬಿಡುವುದು ಹಲವರ ಪದ್ಧತಿ. ಇದು ಹೊಸ ಪದರ ಕಟ್ಟದಂತೆ ನೋಡಿಕೊಳ್ಳುತ್ತದೆಯೇ ಹೊರತು ಹಳೆಯ ಕಲ್ಲನ್ನು ಕರಗಿಸಲಾರದು. ಹಳೆಯದಕ್ಕೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಬೇಕು. ನೊರೆ ಬರುವುದು ನಿಲ್ಲುವ ತನಕ ಮತ್ತೆ ಮತ್ತೆ ಹಾಕಬೇಕು. ನೀರಿಗೆ ಆಮ್ಲ ಸೇರಿಸಿ, ಆಮ್ಲಕ್ಕೆ ನೀರನ್ನಲ್ಲ. ಕೈಗವಸು, ಕನ್ನಡಕ ಇರಲಿ, ಕಿಟಕಿ ತೆರೆದಿರಲಿ. ಬ್ಲೀಚಿಂಗ್ ದ್ರಾವಣ ಬಳಸಿದ ಬಟ್ಟಲಿಗೆ ಆಮ್ಲ ಹಾಕಲೇಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ, ಒಂದು ಕಪಾಟಿನಷ್ಟು ದೊಡ್ಡ ಕೋಣೆಯಲ್ಲಿ ಅದು ಪ್ರಾಣಕ್ಕೇ ಎರವಾಗಬಹುದು. ನನ್ನನ್ನು ಕೇಳಿದರೆ ಬ್ಲೀಚಿಂಗ್ ದ್ರಾವಣಕ್ಕೆ ದೋಣಿಯ ಶೌಚಾಲಯದಲ್ಲಿ ಜಾಗವೇ ಬೇಡ. ಅದು ರಬ್ಬರಿನ ಕವಾಟಗಳನ್ನೂ ತಿನ್ನುತ್ತದೆ. ಆ ಕುಂದಾಪುರದ ಹಿರಿಯರ ವಿಧಾನ ಇನ್ನೂ ಸರಳ: ಕೊಳವೆಯನ್ನು ಬಿಚ್ಚಿ, ಜೆಟ್ಟಿಯ ಕಲ್ಲಿಗೆ ಧೋಬಿಯಂತೆ ಬಡಿಯುವುದು. ಸುಣ್ಣ ಚೂರುಚೂರಾಗಿ ಉದುರುತ್ತದೆ. ಅಕ್ಕಪಕ್ಕದ ದೋಣಿಯವರು ಊರಲ್ಲಿಲ್ಲದ ದಿನ ನೋಡಿಕೊಳ್ಳಬೇಕು, ಅಷ್ಟೆ.

ಆದರೆ ರೋಗದ ಬೇರು ಕೊಳವೆಯಲ್ಲಿ ಉಳಿಯುವ ದ್ರವ. ಒಂದು ಲೆಕ್ಕ ಹಾಕೋಣ. 38 ಮಿ.ಮೀ. ವ್ಯಾಸದ ಕೊಳವೆ ಒಂದು ಮೀಟರಿಗೆ ಸುಮಾರು 1.1 ಲೀಟರ್ ಹಿಡಿಯುತ್ತದೆ. ಮೂರು ಮೀಟರಿನ ಕೊಳವೆಯಲ್ಲಿರುವುದನ್ನು ಪೂರ್ತಿ ಹೊರಹಾಕಲು ಮೂರೂವರೆ ಲೀಟರ್ ನೀರು ಬೇಕು. ಬಂದರಿನಲ್ಲಿ ಒಮ್ಮೆ ಕೊಳವೆಯ ಕೊನೆಯನ್ನು ಬಕೆಟ್ಟಿಗೆ ಬಿಟ್ಟು, ನಿಮ್ಮ ಪಂಪು ಹತ್ತು ಬಾರಿ ಒತ್ತಿದರೆ ಎಷ್ಟು ನೀರು ತಳ್ಳುತ್ತದೆ ಎಂದು ಅಳೆದುಬಿಡಿ. ಆಗ ಎಷ್ಟು ಸಲ ಒತ್ತಬೇಕೆಂಬುದಕ್ಕೆ ಊಹೆ ಬೇಕಾಗುವುದಿಲ್ಲ. ಆ ಸಂಖ್ಯೆಯನ್ನು ಗೋಡೆಗೆ ಅಂಟಿಸಬಹುದು. ಅದರ ಪಕ್ಕದಲ್ಲಿ, ನಾವಿಕರ ದೋಣಿಗಳಲ್ಲೆಲ್ಲ ಕಾಣುವ ಆ ಪ್ರಸಿದ್ಧ ನಿಯಮವನ್ನೂ ಬರೆಯಿರಿ: ಮೊದಲು ತಿಂದು ಜೀರ್ಣಿಸಿಕೊಳ್ಳದ ಯಾವುದನ್ನೂ ಇದರೊಳಗೆ ಹಾಕಬೇಡಿ. ಕೂದಲು, ದಾರ, ಬೆಂಕಿಕಡ್ಡಿ, ಯಾವುದಾದರೂ ಒಂದು ಕವಾಟದ ತುಟಿಯಲ್ಲಿ ಸಿಕ್ಕಿದರೆ ಮುಗಿಯಿತು. ಈ ವಿಷಯದಲ್ಲಿ ನಮ್ಮವರಿಗೆ ಒಂದು ಅನುಕೂಲ ಇದೆ. ಕಾಗದದ ಬದಲು ನೀರು ಬಳಸುವವರ ದೋಣಿಯಲ್ಲಿ ಕೊಳವೆ ಕಟ್ಟಿಕೊಳ್ಳುವುದು ಕಡಿಮೆ. ಒಂದು ಚಿಕ್ಕ ಕೈಶವರ್ ಇದ್ದರೆ ಸಾಕು. ಗಂಡಸರೂ ಕುಳಿತೇ ಮೂತ್ರ ಮಾಡಬೇಕೆಂಬುದು ಇನ್ನೊಂದು ನಿಯಮ. ವಾಲುತ್ತಿರುವ ದೋಣಿಯಲ್ಲಿ ಏಕೆ ಎಂದು ಯಾರೂ ಕೇಳುವುದಿಲ್ಲ.

ವಾಸನೆಯ ವಿಷಯ. ಹಲವು ದಿನ ಮುಚ್ಚಿಟ್ಟ ದೋಣಿಯಲ್ಲಿ ಮೊದಲ ಬಾರಿ ಪಂಪು ಒತ್ತಿದಾಗ ಕೊಳೆತ ಮೊಟ್ಟೆಯ ವಾಸನೆ ಗಪ್ಪೆಂದು ಹೊಡೆಯುತ್ತದೆ. ಎಲ್ಲರೂ ಮಲದ ಕೊಳವೆಯನ್ನು ದೂರುತ್ತಾರೆ. ನಿಜವಾದ ಅಪರಾಧಿ ಹೆಚ್ಚಾಗಿ ಒಳಬರುವ ಕೊಳವೆ! ಅದರಲ್ಲಿ ನಿಂತ ಸಮುದ್ರದ ನೀರಿನಲ್ಲಿ ಕಣ್ಣಿಗೆ ಕಾಣದ ಸಸ್ಯ, ಪ್ರಾಣಿಗಳು ಸಾಯುತ್ತವೆ, ಆಮ್ಲಜನಕ ಮುಗಿಯುತ್ತದೆ. ಆಗ ಕೆಲವು ಬ್ಯಾಕ್ಟೀರಿಯಗಳು ಸಮುದ್ರದ ನೀರಿನಲ್ಲಿ ಹೇರಳವಾಗಿರುವ ಸಲ್ಫೇಟನ್ನೇ ಉಸಿರಾಟಕ್ಕೆ ಬಳಸಿಕೊಂಡು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಇದಕ್ಕೊಂದು ಸೊಗಸಾದ ಸುಧಾರಣೆ ಇದೆ. ಕೈತೊಳೆಯುವ ಬೋಗುಣಿಯಿಂದ ಹೊರಹೋಗುವ ಕೊಳವೆಯನ್ನು, ಶೌಚಾಲಯಕ್ಕೆ ಸಮುದ್ರದ ನೀರು ತರುವ ಕೊಳವೆಗೆ ಒಂದು ‘ಟಿ’ ಜೋಡಿಸಿ ಸೇರಿಸುವುದು. ದೋಣಿ ಬಿಟ್ಟು ಹೋಗುವ ಮುನ್ನ ಸಮುದ್ರದ ಕವಾಟ ಮುಚ್ಚಿ, ಬೋಗುಣಿಯಲ್ಲಿ ಸಿಹಿನೀರು ತುಂಬಿ ಪಂಪು ಒತ್ತಿದರೆ, ಆ ಸಿಹಿನೀರು ಪಂಪು, ಬಟ್ಟಲು, ಕೊಳವೆ ಎಲ್ಲವನ್ನೂ ತೊಳೆದು ಹೋಗುತ್ತದೆ. ಬೋಗುಣಿ ಸಮುದ್ರಮಟ್ಟಕ್ಕಿಂತ ಮೇಲಿರಬೇಕು, ಅದರ ಕೊಳವೆಗೂ ಒಂದು ಕವಾಟ ಬೇಕು, ಮರೆಯಬೇಡಿ. ಆದರೆ ಕುಡಿಯುವ ನೀರಿನ ಕೊಳವೆಯನ್ನೇ ನೇರವಾಗಿ ಶೌಚಾಲಯಕ್ಕೆ ಜೋಡಿಸುವ ಬುದ್ಧಿವಂತಿಕೆ ಬೇಡವೇ ಬೇಡ. ಎಂದಾದರೊಂದು ದಿನ ಹಿಮ್ಮುಖ ಹರಿವು ಆದರೆ, ದಡದಿಂದ ನೂರಾರು ಮೈಲಿ ದೂರದಲ್ಲಿ ಇಡೀ ದೋಣಿಗೆ ವಾಂತಿಭೇದಿ.

ಮಲದ ಕೊಳವೆಯೇ ನಾರುತ್ತಿದೆಯೋ ಎಂದು ತಿಳಿಯಲು ಯಂತ್ರ ಬೇಡ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೊಳವೆಗೆ ಸುತ್ತಿ, ತಣಿದ ಮೇಲೆ ಮೂಸಿ ನೋಡಿ. ಬಟ್ಟೆಗೆ ವಾಸನೆ ಅಂಟಿದ್ದರೆ ಕೊಳವೆಯ ಗೋಡೆಯನ್ನೇ ದಾಟಿ ಅದು ಬರುತ್ತಿದೆ ಎಂದರ್ಥ. ಎಷ್ಟು ತೊಳೆದರೂ ಹೋಗದು, ಬದಲಾಯಿಸಬೇಕು. ಹೊಸದು ತರುವಾಗ ಒಳಮೈ ನುಣುಪಾಗಿರುವ, ಶೌಚಕ್ಕೆಂದೇ ಮಾಡಿದ ದಪ್ಪ ಕೊಳವೆ ತನ್ನಿ. ಸುರುಳಿ ಸುರುಳಿಯಾದ ಅಗ್ಗದ ಕೊಳವೆಯ ಪ್ರತಿ ಮಡಿಕೆಯೂ ಕೊಳೆಗೆ ಒಂದೊಂದು ಕೋಣೆ. ಜೋಡಿಸುವಾಗ ನಡುವೆ ಜೋಲು ಬೀಳದಂತೆ ಆಧಾರ ಕೊಡಿ. ತುದಿಯನ್ನು ಬಿಸಿನೀರಿನಲ್ಲಿ ಅದ್ದಿ, ಪಾತ್ರೆ ಸೋಪು ಸವರಿದರೆ ಸಲೀಸಾಗಿ ಏರುತ್ತದೆ.

ಇನ್ನು ಪ್ರಾಣಕ್ಕೆ ಸಂಬಂಧಿಸಿದ ಭಾಗ. ಒಂದು ಕಾಲಕ್ಕೆ ಪೀಪಾಯಿಯಿಂದ ಸೀಮೆಎಣ್ಣೆ ತೆಗೆಯುವಾಗ ಕೊಳವೆಯ ಒಂದು ತುದಿ ಮುಳುಗಿಸಿ, ಇನ್ನೊಂದನ್ನು ಬಾಯಿಂದ ಒಮ್ಮೆ ಎಳೆದು ಕೆಳಗೆ ಹಿಡಿಯುತ್ತಿದ್ದರು. ಆಮೇಲೆ ಎಣ್ಣೆ ತಾನೇ ಹತ್ತಿ ಇಳಿದು ಬರುತ್ತಿತ್ತು. ಇದೇ ಸೈಫನ್. ದೋಣಿಯಲ್ಲಿ ಪೀಪಾಯಿ ಎಂದರೆ ಅರಬ್ಬೀ ಸಮುದ್ರ. ಕೆಳಗಿನ ಪಾತ್ರೆ ನಿಮ್ಮ ಶೌಚದ ಬಟ್ಟಲು. ಮೊದಲ ಎಳೆತ ಕೊಟ್ಟವರು ಪಂಪು ಒತ್ತಿ ಹೋದ ನೀವೇ. ಬಟ್ಟಲು ಸಮುದ್ರಮಟ್ಟಕ್ಕಿಂತ 60 ಸೆಂ.ಮೀ. ಕೆಳಗಿದ್ದು, ಕವಾಟಗಳು ತೆರೆದುಕೊಂಡು 19 ಮಿ.ಮೀ.ನ ಕೊಳವೆಯಲ್ಲಿ ನೀರು ಸರಾಗವಾಗಿ ಬಂದರೆ, ನಿಮಿಷಕ್ಕೆ 30 ಲೀಟರಿನ ಸುಮಾರಿಗೆ ಒಳಬರಬಹುದು. ಗಂಟೆಗೆ ಎರಡು ಟನ್ನಿನಷ್ಟು! ಸವೆದ ಕವಾಟದಲ್ಲಿ ಬರೀ ನಿಮಿಷಕ್ಕೊಂದು ಲೀಟರ್ ಸೋರಿದರೂ ದಿನಕ್ಕೆ 1,440 ಲೀಟರ್. ಬ್ಯಾಟರಿ ಮುಗಿಯುವ ತನಕ ತಳದ ಪಂಪು ಅದನ್ನು ಹೊರಹಾಕುತ್ತದೆ. ಆಮೇಲೆ?

“ನಮ್ಮ ಬಟ್ಟಲು ಸಮುದ್ರಮಟ್ಟಕ್ಕಿಂತ ಮೇಲಿದೆ, ನಮಗೇನು ಭಯ” ಎನ್ನುವವರು ಇದ್ದಾರೆ. ದೋಣಿ ಕಟ್ಟಿ ನಿಲ್ಲಿಸಿದಾಗ ಮೇಲಿದೆ, ನಿಜ. ಗಾಳಿ ತುಂಬಿ 25 ಡಿಗ್ರಿ ವಾಲಿದಾಗ, ಮಧ್ಯರೇಖೆಯಿಂದ ಒಂದು ಮೀಟರ್ ಆಚೆ ಇರುವ ಬಟ್ಟಲು ಸುಮಾರು 42 ಸೆಂ.ಮೀ. ಕೆಳಗಿಳಿಯುತ್ತದೆ.

ಇದಕ್ಕೆ ಪರಿಹಾರ, ಕೊಳವೆಯನ್ನು ಮೇಲಕ್ಕೆ ಕಮಾನಿನಂತೆ ಒಯ್ದು, ಕಮಾನಿನ ನೆತ್ತಿಯಲ್ಲಿ ಗಾಳಿ ಒಳಬಿಡುವ ಒಂದು ಪುಟ್ಟ ಕವಾಟ ಇಡುವುದು. ನೆತ್ತಿಗೆ ಗಾಳಿ ಹೊಕ್ಕರೆ ನೀರಿನ ಸರಪಳಿ ತುಂಡಾಗಿ ಸೈಫನ್ ನಿಲ್ಲುತ್ತದೆ. ಈ ನೆತ್ತಿ, ದೋಣಿ ಪೂರ್ತಿ ವಾಲಿದಾಗಲೂ ಸಮುದ್ರಮಟ್ಟಕ್ಕಿಂತ 20 ಸೆಂ.ಮೀ.ಗೆ ಕಡಿಮೆಯಿಲ್ಲದಂತೆ ಮೇಲಿರಬೇಕು. ಒಳಬರುವ ಕಡೆ ಈ ಕಮಾನನ್ನು ಎಲ್ಲಿ ಇಡಬೇಕೆಂಬುದರಲ್ಲಿ ಬಹಳ ಜನ ಎಡವುತ್ತಾರೆ. ಸಮುದ್ರಕ್ಕೂ ಪಂಪಿಗೂ ನಡುವೆ ಇಟ್ಟರೆ ಪಂಪು ನೀರಿನ ಬದಲು ಗಾಳಿಯನ್ನೇ ಎಳೆಯುತ್ತದೆ. ಇಡಬೇಕಾದ್ದು ಪಂಪಿಗೂ ಬಟ್ಟಲಿಗೂ ನಡುವೆ. ಪಂಪಿನ ಜೊತೆ ಬಂದಿರುವ ಗಿಡ್ಡ ಕೊಳವೆಯನ್ನು ತೆಗೆದು ಅಲ್ಲಿ ಉದ್ದನೆಯದನ್ನು ಹಾಕಬೇಕು. ನೆತ್ತಿಯ ಕವಾಟ ಉಪ್ಪಿನಿಂದ ಕಟ್ಟಿಕೊಂಡರೆ ಇಡೀ ಏರ್ಪಾಡು ವ್ಯರ್ಥ. ಆಗಾಗ ಬಿಚ್ಚಿ ಬೆಚ್ಚಗಿನ ಸಿಹಿನೀರಿನಲ್ಲಿ ತೊಳೆಯುವುದು ಐದು ನಿಮಿಷದ ಕೆಲಸ.

ಒಡಲಿನ ತೂತಿಗೆ ಕೂರಿಸಿದ ಕವಾಟಕ್ಕೆ ‘ಸೀಕಾಕ್’ ಎನ್ನುತ್ತಾರೆ. ಅದನ್ನು ಬಳಸಿದಾಗ ತೆರೆದು, ಆದ ಮೇಲೆ ಮುಚ್ಚಬೇಕು. ತೆರೆದೇ ಬಿಟ್ಟರೆ ಮುಚ್ಚಬೇಕಾದ ದಿನ ಅದು ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಲೋಹದ ಬಗ್ಗೆಯೂ ಎಚ್ಚರ ಬೇಕು. ಸಾಮಾನ್ಯ ಹಿತ್ತಾಳೆ ತಾಮ್ರ ಮತ್ತು ಸತುವಿನ ಮಿಶ್ರಣ. ಉಪ್ಪುನೀರು ಅದರೊಳಗಿನ ಸತುವನ್ನು ಕಳ್ಳನಂತೆ ಕದ್ದೊಯ್ಯುತ್ತದೆ. ಉಳಿಯುವುದು ರೂಪದಲ್ಲಿ ಕವಾಟ, ಬಲದಲ್ಲಿ ಬಿಸ್ಕತ್ತು. ಒಂದು ಕಡೆ ಕೆರೆದು ನೋಡಿ: ಹಳದಿ ಹೊಳಪಿನ ಬದಲು ಗುಲಾಬಿ ಬಣ್ಣ ಕಂಡರೆ ದೋಣಿಯನ್ನು ದಡಕ್ಕೆಳೆದು ತಕ್ಷಣ ಬದಲಾಯಿಸಿ. ಕಂಚು ಆಗಬಹುದು, ಸತು ಕಳೆದುಕೊಳ್ಳದ ವಿಶೇಷ ಹಿತ್ತಾಳೆ ಆಗಬಹುದು, ಗಾಜಿನ ಎಳೆ ಸೇರಿಸಿದ ನೈಲಾನ್ ಆಗಬಹುದು. ಕೊಳವೆಗೆ ಎರಡೆರಡು ಸ್ಟೇನ್‌ಲೆಸ್ ಸ್ಟೀಲ್ ಕ್ಲಿಪ್ಪು ಬಿಗಿಯಿರಿ. ಅಂಗಡಿಗೆ ಒಂದು ಅಯಸ್ಕಾಂತ ಒಯ್ಯುವುದು ಒಳ್ಳೆಯದು. ಪಟ್ಟಿ ಒಳ್ಳೆಯ ಉಕ್ಕಿನದಿದ್ದು, ತಿರುಪು ಮಾತ್ರ ತುಕ್ಕು ಹಿಡಿಯುವ ಕಬ್ಬಿಣದ್ದಿರುವ ಮಾಲು ಬೇಕಾದಷ್ಟಿದೆ. ತಿರುಪು ಅಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟಿದರೆ ವಾಪಸು ಕೊಡಿ.

ಅಂದ ಹಾಗೆ, 1945ರ ಏಪ್ರಿಲ್ 14ರಂದು ಜರ್ಮನಿಯ ಯು-1206 ಎಂಬ ಜಲಾಂತರ್ಗಾಮಿಯಲ್ಲಿ, ಸ್ಕಾಟ್ಲೆಂಡಿನ ಪೀಟರ್‌ಹೆಡ್ ಬಳಿ, ಶೌಚಾಲಯದ ಕವಾಟದ ಮೂಲಕ ನೀರು ನುಗ್ಗಿತು. ಅದು ಬ್ಯಾಟರಿಗಳನ್ನು ಮುಟ್ಟಿ ಕ್ಲೋರಿನ್ ಎದ್ದಿತು. ಮೇಲೆ ಬರದೆ ಗತಿಯಿರಲಿಲ್ಲ. ಬಂದ ಕೂಡಲೇ ಶತ್ರುವಿಮಾನದ ಕಣ್ಣಿಗೆ ಬಿದ್ದರು. ಕೊನೆಗೆ ನೌಕೆಯನ್ನು ತಾವೇ ಮುಳುಗಿಸಬೇಕಾಯಿತು. ಕೆಲವರು ಪ್ರಾಣ ಕಳೆದುಕೊಂಡರು.

ಹೊರಹಾಕಿದ್ದು ಸಮುದ್ರಕ್ಕೇ ಹೋಗಬೇಕೆ ಎಂಬ ಪ್ರಶ್ನೆಯೂ ಇದೆ. ನಡುಸಮುದ್ರದಲ್ಲಿ ಅದು ಕರಗಿ ಹೋಗುತ್ತದೆ. ಬಂದರಿನ ನಿಂತ ನೀರಿನಲ್ಲಿ, ಮಕ್ಕಳು ಈಜುವ ಕಡೆ, ಕಲ್ವಾ ಮತ್ತು ಮಳಿ ಬೆಳೆಯುವ ಅಳಿವೆಯಲ್ಲಿ ಅದೇ ಮಾತು ಹೇಳಲಾಗದು. ಹಡಗುಗಳ ಕೊಳಚೆಯ ಬಗ್ಗೆ ಮಾರ್ಪೋಲ್ ಒಪ್ಪಂದದ ನಾಲ್ಕನೆಯ ಅನುಬಂಧ 2003ರ ಸೆಪ್ಟೆಂಬರ್ 27ರಿಂದ ಜಾರಿಯಲ್ಲಿದೆ. ಅದು ಮುಖ್ಯವಾಗಿ ದೊಡ್ಡ ಹಡಗುಗಳಿಗೆ. ಚಿಕ್ಕ ದೋಣಿಗಳಿಗೆ ಆಯಾ ದೇಶದ ಕಾನೂನು. ಅಮೆರಿಕದಲ್ಲಿ ದಡದಿಂದ ಮೂರು ಮೈಲಿಯೊಳಗೆ ಸಂಸ್ಕರಿಸದೆ ಬಿಡುವಂತಿಲ್ಲ. ಸ್ವೀಡನ್ 2015ರಿಂದ ತನ್ನ ಕಡಲಿನಲ್ಲಿ ವಿಹಾರದೋಣಿಗಳು ಬಿಡುವುದನ್ನೇ ನಿಷೇಧಿಸಿದೆ. ಹೀಗಾಗಿ ದೋಣಿಯಲ್ಲೇ ಶೇಖರಿಸುವ ತೊಟ್ಟಿ ಬೇಕಾಗುತ್ತದೆ.

ತೊಟ್ಟಿ ಜೋಡಿಸುವ ನಾನಾ ವಿಧಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಒಂದೇ. ತೊಟ್ಟಿಯನ್ನು ಸಮುದ್ರಮಟ್ಟಕ್ಕಿಂತ ಮೇಲೆ, ಗೋಡೆಗೆ ಎತ್ತರದಲ್ಲಿ ಕೂರಿಸಿ, ಪಂಪು ಎಲ್ಲವನ್ನೂ ಮೊದಲು ಅದರ ನೆತ್ತಿಗೆ ಕಳಿಸುವುದು. ತೊಟ್ಟಿಯ ತಳದಿಂದ ನೇರ ಒಂದು ದಪ್ಪ ಕೊಳವೆ ಸೀಕಾಕಿಗೆ. ಬಂದರಿನಲ್ಲಿ ಸೀಕಾಕ್ ಮುಚ್ಚಿದರೆ ತೊಟ್ಟಿ ತುಂಬುತ್ತದೆ. ನಡುಸಮುದ್ರಕ್ಕೆ ಹೋಗಿ ತೆರೆದರೆ ಗುರುತ್ವಾಕರ್ಷಣೆಯೇ ಬರಿದು ಮಾಡುತ್ತದೆ. ಎರಡು ದಾರಿಯ ಕವಾಟ ಬೇಡ, ಇನ್ನೊಂದು ಪಂಪು ಬೇಡ, ಹೊರಹೋಗುವ ಕಡೆಯ ಸೈಫನ್ನಿಗೂ ತೊಟ್ಟಿಯೇ ತಡೆ. ನಾಲ್ಕು ಜನ, ದಿನಕ್ಕೆ ಐದು ಬಾರಿ, ಪ್ರತಿಸಲ ಎರಡು ಲೀಟರ್ ಎಂದರೆ ದಿನಕ್ಕೆ 40 ಲೀಟರ್. 80 ಲೀಟರಿನ ತೊಟ್ಟಿ ಎರಡು ದಿನಕ್ಕಾಯಿತು. ಲೋಹದ ತೊಟ್ಟಿಯನ್ನು ಮೂತ್ರ ಬೆಸುಗೆಯ ಕಡೆಯಿಂದ ಕೊರೆಯುತ್ತದೆ. ದಪ್ಪ ಪ್ಲಾಸ್ಟಿಕ್ ಒಳ್ಳೆಯದು.

ತೊಟ್ಟಿಯ ಗಾಳಿಕೊಳವೆಯನ್ನು ವಾಸನೆಗೆ ಹೆದರಿ ಸಪೂರ ಮಾಡುತ್ತಾರೆ. ಇದು ತಿರುಗುಮುರುಗು. ಗಾಳಿ ಚೆನ್ನಾಗಿ ಆಡಿದರೆ ಆಮ್ಲಜನಕ ಬಳಸುವ ಬ್ಯಾಕ್ಟೀರಿಯಗಳು ಬೆಳೆದು, ಹೊರಬರುವುದು ಮುಖ್ಯವಾಗಿ ವಾಸನೆಯಿಲ್ಲದ ಇಂಗಾಲದ ಡೈಆಕ್ಸೈಡ್. ಗಾಳಿ ಕಟ್ಟಿದರೆ ಮತ್ತೆ ಅದೇ ಕೊಳೆತ ಮೊಟ್ಟೆ. 25 ಮಿ.ಮೀ.ಗೆ ಕಡಿಮೆಯಿಲ್ಲದ ಗಾಳಿಕೊಳವೆ, ಸಾಧ್ಯವಾದರೆ ಎರಡು ಬದಿಗೆ ಎರಡು, ಇರಲಿ. ಇನ್ನೊಂದು ಕಾರಣ: ಗಾಳಿಕೊಳವೆ ಉಪ್ಪಿನಿಂದ ಮುಚ್ಚಿಹೋಗಿ, ತೊಟ್ಟಿ ತುಂಬಿದ ಮೇಲೂ ಪಂಪು ಒತ್ತುತ್ತ ಹೋದರೆ ಒಳಗಿನ ಒತ್ತಡ ಒಂದು ಮೀಟರ್ ನೀರಿನಷ್ಟೇ ಏರಿದರೂ, ಅರ್ಧ ಮೀಟರ್ ಚೌಕದ ಗೋಡೆಯ ಮೇಲೆ 250 ಕಿಲೋ ಭಾರ ಬೀಳುತ್ತದೆ. ಒಡೆದರೆ ಒಳಗೇ ಒಡೆಯುತ್ತದೆ.

ಪಂಪು, ಕವಾಟ, ತೂತು ಯಾವುದೂ ಬೇಡ ಎನ್ನುವವರು ಇತ್ತೀಚಿನ ವರ್ಷಗಳಲ್ಲಿ ಗೊಬ್ಬರದ ಶೌಚಾಲಯದ ಕಡೆ ತಿರುಗಿದ್ದಾರೆ. ಮೂತ್ರ ಒಂದು ಡಬ್ಬಕ್ಕೆ, ಮಲ ಇನ್ನೊಂದಕ್ಕೆ. ಎರಡನ್ನೂ ಬೇರ್ಪಡಿಸಿದರೆ ಅರ್ಧಕ್ಕರ್ಧ ವಾಸನೆಯೇ ಇರುವುದಿಲ್ಲ. ಮಲದ ಡಬ್ಬದಲ್ಲಿ ಹಾಕುವುದೇನು ಗೊತ್ತೆ? ತೆಂಗಿನ ನಾರಿನ ಪುಡಿ! ನಮ್ಮ ತೆಂಗು ಬೆಳೆಯುವ ನಾಡಿನಲ್ಲಿ ರಸ್ತೆಬದಿ ರಾಶಿ ಬೀಳುವ ಆ ಪುಡಿಯನ್ನು ಇಟ್ಟಿಗೆಯಂತೆ ಒತ್ತಿ ಮಾರುತ್ತಾರೆ. ತೇವ ಹೀರಿ, ಗಾಳಿಯಾಡಲು ಜಾಗ ಮಾಡಿಕೊಡುತ್ತದೆ. ಇಬ್ಬರು ಇರುವ ದೋಣಿಗೆ ಇದು ಒಳ್ಳೆಯ ದಾರಿ. ಆರು ಜನರಿಗೆ ಡಬ್ಬ ಬರಿದು ಮಾಡುವುದೇ ಉದ್ಯೋಗವಾದೀತು. ಬಟನ್ ಒತ್ತಿದರೆ ಅರೆದು ತಳ್ಳುವ ವಿದ್ಯುತ್ ಶೌಚಾಲಯಗಳೂ ಇವೆ. ಬ್ಯಾಟರಿ ಸತ್ತ ದಿನ ಅವು ಬರೀ ಕುರ್ಚಿ.

ದೂರದ ಯಾನಕ್ಕೆ ಹೊರಡುವವರು ಪಂಪಿನ ರಬ್ಬರುಗಳ ಪೂರ್ಣ ಕಿಟ್ ಎರಡು, ಜೋಕರ್ ವಾಲ್ವ್ ನಾಲ್ಕಾರು, ಕ್ಲಿಪ್ಪುಗಳು, ಒಂದೆರಡು ಮೀಟರ್ ಕೊಳವೆ ಇಟ್ಟುಕೊಳ್ಳಬೇಕು. ಜೋಕರ್ ವಾಲ್ವನ್ನು ಕೆಟ್ಟಿರಲಿ ಬಿಡಲಿ ವರ್ಷಕ್ಕೊಮ್ಮೆ, ಬಂದರಿನಲ್ಲಿದ್ದಾಗಲೇ ಬದಲಾಯಿಸಿ. ಸೀಳಿದ ತುಟಿ ಹೊರಮುಖವಾಗಿರಲಿ. ಪಂಪು ಬಿಚ್ಚುವಾಗ ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ. ಪ್ರತಿ ಸೀಕಾಕಿಗೂ ಅದರ ಅಳತೆಯ, ಮೊನಚಾಗಿ ಕೆತ್ತಿದ ಮೆದುಮರದ ಬೆಣೆಯೊಂದನ್ನು ದಾರದಿಂದ ಅಲ್ಲೇ ಕಟ್ಟಿರಬೇಕು. ಕವಾಟ ಮುರಿದು ಕತ್ತಲಲ್ಲಿ ನೀರು ನುಗ್ಗುವಾಗ ಬೆಣೆ ಎಲ್ಲಿದೆ ಎಂದು ಹುಡುಕಲು ಸಮಯ ಇರುವುದಿಲ್ಲ. ಜೊತೆಗೆ ಹಿಡಿಗೆ ಗಟ್ಟಿ ಹಗ್ಗ ಕಟ್ಟಿದ ಒಂದು ಬಕೆಟ್ಟು. ಇಷ್ಟೆಲ್ಲ ಕೈಕೊಟ್ಟ ದಿನ ಹಳೆಯ ಹಾಯಿ ಹಡಗಿನವರಂತೆ ಅದರಲ್ಲೇ ಕೆಲಸ ಮುಗಿಸಿ, ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ನೋಡಿಕೊಂಡು ಚೆಲ್ಲಿದರಾಯಿತು.